ಮೂರು ನೆಗೆತ

ವಿಸ್ಕಾನ್ಸಿನ್ ಕಣಿವೆಯಲ್ಲಿ ಹನ್ನೊಂದೆಕರೆ,
ಅದರಲ್ಲೂ ಮೂರು ಜೌಗು.
ಕೊಂಡ ದಿನ ನಕ್ಕಿದ್ದ ಪಕ್ಕದ ಹೊಲದ ಆರ್ಡನ್ ಕ್ವಾಮಿ:
"ಜಿಂಕೆ ಮೂರು ಸಲ ನೆಗೆದರೆ ನಿನ್ನ ಆಸ್ತಿ ಮುಗೀತು."

ಆರು ಚಳಿಗಾಲ ಗರಗಸ ಹಿಡಿದೆ.
ಮರಗಳನ್ನು ಅರ್ಧ ಕೊಯ್ದು ಮಲಗಿಸಿದೆ, ಕೊಲ್ಲದೆ,
ಮಲಗಿದಲ್ಲೇ ಚಿಗುರಲಿ, ಮರೆಯಾಗಲಿ ಎಂದು.
ಬಿಸಿಲು ಬಿದ್ದಲ್ಲಿ ಕ್ಲೋವರ್ ಚೆಲ್ಲಿದೆ.
ಕಾಡುಸೇಬಿನ ಬುಡಕ್ಕೆ ಗೊಬ್ಬರ ಹೊತ್ತೆ;
ಹೆಂಡತಿಯ ಹುಟ್ಟುಹಬ್ಬ ಎರಡು ಸಲ ಮರೆತೆ.

ನವೆಂಬರ್. ಗಾಳಿ ವಾಯವ್ಯದಿಂದ.
ಓಕ್ ಮರದ ಕಬ್ಬಿಣದ ಪೀಠದಲ್ಲಿ
ಮೂತ್ರ ತಡೆದು ಕೂತಿದ್ದೆ.
ಬಂತು, ಎಂಟು ಕವಲಿನ ಗಂಡು,
ಬಾಲದ ಬಿಳುಪು ಮಡಿಸಿಕೊಂಡು,
ಆರು ವರ್ಷ ನಾನು ಬರೆದ ದಾರಿಯಲ್ಲೇ
ಒಂದಕ್ಷರವೂ ತಪ್ಪದೆ.
ಇಪ್ಪತ್ತು ಗಜ. ಹೆದೆ ಕೆನ್ನೆಗೆ ತಾಗಿತು.
ಬಿಟ್ಟೆ.

ಮೂರು ನೆಗೆತ. ಬೇಲಿ.
ಆಚೆ ಸದ್ದಿಲ್ಲ.

ಒಂದು ಗಡಿಗೂಟದ ಜಗಳಕ್ಕೆ
ಎರಡು ವರ್ಷ ಮುಚ್ಚಿದ್ದ ಬಾಗಿಲು ತಟ್ಟಿದೆ.
ಆರ್ಡನ್ ನನ್ನ ಬಿಲ್ಲು ನೋಡಿದ, ಬೂಟು ಹಾಕಿದ, ಟಾರ್ಚು ತಂದ.
ಜೋಳದ ಕೂಳೆಯ ಮೇಲೆ ಹನಿ, ಮತ್ತೊಂದು ಹನಿ,
ಇಬ್ಬರೂ ಬಾಗಿ ಬಾಗಿ ಓದಿದೆವು.
ಸಿಕ್ಕಾಗ, ಯಾಕೋ, ಟೋಪಿ ತೆಗೆದೆವು.

"ನನ್ನ ಜೋಳ ತಿಂದು ಬೆಳೆದದ್ದು,"
ಅಂದ, ಹಿಂಗಾಲು ಹಿಡಿಯುತ್ತ.
ನಾನು ತಲೆಯ ಕಡೆ ಹಿಡಿದೆ.
ಬಾಯಲ್ಲಿ ಇನ್ನೂ
ಅಗಿಯದೆ ಉಳಿದ ಕ್ಲೋವರ್ ಎಲೆ.
ಹೇಳಲಿಲ್ಲ.