ಫ್ಯಾನು ತಂದ ಶುಕ್ರವಾರ

ಭೌತಶಾಸ್ತ್ರಕ್ಕೆ ಇನ್ನು ಒಂಬತ್ತು ದಿನ.
ಪೆನ್ನಿನ ಮುಚ್ಚಳ ಅಗಿದು ಅಗಿದು ಬೆಳ್ಳಗಾಗಿದೆ.
ಗೋಡೆಯ ವೇಳಾಪಟ್ಟಿಯಲ್ಲಿ ನಿದ್ದೆಗೆಂದು
ನಾಲ್ಕು ಗಂಟೆಯ ಹಸಿರು ಚೌಕ;
ಆ ಹಸಿರೂ ಈಗ ಸುಳ್ಳು.

ನನ್ನಿಂದಾಗಿ ಮನೆಯೇ ಪಿಸುಗುಡುತ್ತದೆ.
ತಮ್ಮ ಝಿಯಾದ್ ಕಳ್ಳನಂತೆ ಬೆರಳ ತುದಿಯಲ್ಲಿ ನಡೆಯುತ್ತಾನೆ,
ಅಮ್ಮ ಚಹಾ ಇಟ್ಟು ಹಿಂದೆ ಹಿಂದೆಯೇ ಸರಿಯುತ್ತಾಳೆ,
ನಾನೇನೋ ಹೆಪ್ಪು ಹಾಕಿಟ್ಟ ಮೊಸರು,
ಅಲುಗಿಸಿದರೆ ಒಡೆದೀತು ಎಂಬ ಹಾಗೆ.

ನಮಾಜು ಮುಗಿಸಿ ಬಂದ ಅಪ್ಪ
ಬಾಗಿಲಲ್ಲಿ ನಿಂತು ನೋಡಿದ.
ಒಂದೇ ಸಾಲನ್ನು ಹನ್ನೊಂದನೇ ಸಲ ಓದುತ್ತಿದ್ದೆ.
"ಏಳು ತಸ್ನೀಮ್, ಚಪ್ಪಲಿ ಹಾಕ್ಕೋ. ಫ್ಯಾನು ತರೋಣ.
ಈ ಕೋಣೆ ರೊಟ್ಟಿ ಸುಡೋ ಒಲೆಯಾಗಿದೆ."
ಫ್ಯಾನಿಗೆ ಇಬ್ಬರು ಸಾಕು. ಹೊರಟದ್ದು ಐದು ಜನ,
ಮಂಡಿನೋವಿನ ಅಜ್ಜಿಯೂ,
ಹಬ್ಬದ ಕಪ್ಪು ಶಾಲು ಹೊದ್ದು.

ಇಂಬಾಬಾದಿಂದ ಅತಬಾಕ್ಕೆ ಮೈಕ್ರೋಬಸ್ಸು.
ಸೀಟು ಮೂರು, ಸೊಂಟ ಐದು.
ನೈಲ್ ದಾಟುವಾಗ ಚಾಳಿಬಿದ್ದ ತಲೆ
ಹರಿವಿನ ವೇಗವೆಷ್ಟು ಎಂದು ಕೇಳಿತು;
ತೊಡೆಯ ಮೇಲಿದ್ದ ಝಿಯಾದ್
"ಅಕ್ಕಾ, ಅಲ್ನೋಡು, ದೋಣೀಲಿ ಮದುವೆ!" ಅಂದ.
ಲೆಕ್ಕ ಬಿಟ್ಟು ನೋಡಿದೆ.

ಅತಬಾದಲ್ಲಿ ಒಬ್ಬ ಬಕೆಟ್ಟನ್ನೇ ತಮಟೆ ಮಾಡಿಕೊಂಡಿದ್ದಾನೆ,
ಒಬ್ಬ ಮೇಜು ಹತ್ತಿ ಕಾಲುಚೀಲ ಹರಾಜು ಕೂಗುತ್ತಾನೆ.
ಪಿಸುಮಾತಿನ ಮನೆಯಿಂದ ಬಂದ ನನ್ನ ಕಿವಿ
ಬಿಸಿನೀರಿಗೆ ಇಟ್ಟ ಕಾಲಿನ ಹಾಗೆ
ಮೊದಲು ಬೆಚ್ಚಿತು, ಆಮೇಲೆ ಸುಖಪಟ್ಟಿತು.

ಫ್ಯಾನಿನಂಗಡಿ ಎದುರಿಗೇ ಇತ್ತು.
ಅಲ್ಲಿಗೆ ಮುಟ್ಟಲು ಎರಡು ಗಂಟೆ.
ಅಜ್ಜಿಗೆ ಜರಡಿ ಬೇಕು, ಸೊಹಾಗಿನ ತವರಿನಲ್ಲಿದ್ದಂಥದ್ದು,
ಕಣ್ಣು ಸಣ್ಣದಿರಬೇಕು, ಬೆಲೆ ಅದಕ್ಕಿಂತ ಸಣ್ಣ.
ಅಮ್ಮ ಪರದೆ ಬಟ್ಟೆ ಮುಟ್ಟಿ ಮುಟ್ಟಿ ಬಿಟ್ಟಳು.
ಝಿಯಾದನ ಬೂಟು ಎಡಗಾಲಿಗೆ ಸರಿ, ಬಲಗಾಲಿಗೆ ಬಿಗಿ;
ಬೇರೆ ಜೊತೆ ತಂದರೆ ಬಲಗಾಲಿಗೆ ಮಾತ್ರ ಸರಿ.

ಕೊನೆಗೆ ಫ್ಯಾನು. ಬೆಲೆ ಕೇಳಿ
ಅಮ್ಮ ಎದೆಗೆ ಕೈಯಿಟ್ಟುಕೊಂಡಳು,
ಆಮೇಲೆ ನನ್ನ ತೋಳು ಹಿಡಿದು ಮುಂದೆ ತಳ್ಳಿದಳು
ಕಟಕಟೆಗೆ ಸಾಕ್ಷಿ ತಂದ ಹಾಗೆ:
"ನೋಡಪ್ಪ ಇವಳ ಕಣ್ಣು. ಸಾನವಿಯ್ಯಾ ಪರೀಕ್ಷೆ ಈ ವರ್ಷ.
ಮೂರು ತಿಂಗಳಿಂದ ನೆಟ್ಟಗೆ ಮಲಗಿಲ್ಲ.
ಕರುಳು ಅಂತ ಒಂದಿದ್ದರೆ ಈಗ ಬೆಲೆ ಹೇಳು."
ನೆಲ ಬಾಯಿಬಿಡಬಾರದೇ ಅನ್ನಿಸಿತು.
ಆತ ಕನ್ನಡಕ ಏರಿಸಿ ಕಣ್ಣ ಕೆಳಗಿನ ಕಪ್ಪು ನೋಡಿದ.
"ನನ್ನ ಮಗಂದೂ ಇದೇ ವರ್ಷ, ಡಾಕ್ಟರಮ್ಮಾ," ಅಂದು
ಕ್ಯಾಲ್ಕುಲೇಟರು ಒತ್ತಿ
ನೂರೈವತ್ತು ಪೌಂಡು ಇಳಿಸಿದ.

ಈ ಪರೀಕ್ಷೆಯಿಂದ ನಮ್ಮ ಮನೆಗೆ ಬಂದ ಮೊದಲ ಲಾಭ!
ನಕ್ಕೆ. ತಡೆದರೂ ಮೂಗಿನಿಂದ ಬಂತು ನಗು.
ಅಮ್ಮ ಗಾಬರಿಯಾಗಿ
ಹಣೆ ಮುಟ್ಟಿ ನೋಡಿದಳು.

ಕಬ್ಬಿನಹಾಲು ನಿಂತೇ ಕುಡಿದೆವು.
"ನನಗೆ ಬಂದದ್ದು ಅರವತ್ತೊಂದು," ಅಂದ ಅಪ್ಪ
ಲೋಟವನ್ನೇ ನೋಡುತ್ತ.
"ಆ ಬೇಸಿಗೆಯೆಲ್ಲ ನನ್ನಪ್ಪ ನನ್ನ ಜೊತೆ ಮಾತಾಡಲಿಲ್ಲ.
ನಾನು ಪಕ್ಕದಲ್ಲೇ ಕೂತಿದ್ದರೂ
ಉಪ್ಪು ಕೊಡು ಅಂತ ಅಮ್ಮನಿಗೆ ಹೇಳುತ್ತಿದ್ದ."
ಅಜ್ಜಿ ಜರಡಿಯನ್ನು ಬೆಳಕಿಗೆ ಹಿಡಿದು ಕಣ್ಣು ಪರೀಕ್ಷಿಸುತ್ತಿದ್ದಳು,
ಕೇಳಿಸಿತೋ ಇಲ್ಲವೋ.
ಅಪ್ಪ ಮೀಸೆಯ ನೊರೆ ಒರೆಸಿಕೊಂಡು
"ಈ ಸಲ ಕಬ್ಬು ಸಪ್ಪೆ" ಅಂದ.
ನನಗೆ ಹಾಗನ್ನಿಸಲಿಲ್ಲ.

ಮನೆ ಮುಟ್ಟಿದಾಗ ಇಡೀ ಬೀದಿಗೆ ಕರೆಂಟಿಲ್ಲ.
ಅಪ್ಪ ಕತ್ತಲಲ್ಲೇ ತಡಕಾಡಿ ಸ್ಕ್ರೂ ಬಿಗಿದ.
ಫ್ಯಾನು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ,
ಮೂಲೆಯಲ್ಲಿ ಸುಮ್ಮನೆ ನಿಂತಿತು.
ಅಜ್ಜಿ ಅದರ ಪೆಟ್ಟಿಗೆಯ ರಟ್ಟು ಹರಿದು
ನನ್ನ ಪಕ್ಕ ಕೂತು ಬೀಸತೊಡಗಿದಳು.
ಬಳೆಗೆ ಬಳೆ ತಾಗುವ ಸದ್ದು. ಹೊಸ ರಟ್ಟಿನ ವಾಸನೆ.
"ಕರೆಂಟು ಬಂದ ಕೂಡಲೇ ಎಬ್ಬಿಸಿ, ಓದಬೇಕು" ಅಂದೆ.

ಬಂದದ್ದು ಎಷ್ಟು ಹೊತ್ತಿಗೋ.
ಬೆಳಗಾದಾಗ ಫ್ಯಾನು ತಿರುಗುತ್ತಿತ್ತು,
ಪುಸ್ತಕ ತನ್ನ ಹಾಳೆ ತಾನೇ ಮಗುಚಿಕೊಂಡು
ಕೊನೆಯ ಅಧ್ಯಾಯ ಮುಟ್ಟಿತ್ತು.
ಬಾಗಿಲಾಚೆ ಅಜ್ಜಿಯ ದನಿ, ಪಿಸುಮಾತಲ್ಲ,
ಅತಬಾದ ದನಿ:
"ಒಂದು ಕಡೆ ಹರಿದಿದೆ ಈ ಜರಡಿ.
ಮುಂದಿನ ಶುಕ್ರವಾರ ಹೋಗಲೇಬೇಕು. ಎಲ್ಲರೂ."