ಕೆಳಕಂಡಂತೆ

ಬೈತಖೋಲ ಧಕ್ಕೆಯ ಹಿಂದೆ, ಐಸ್ ಕಾರ್ಖಾನೆಯ ಗೋಡೆಗೊರಗಿ
ಬಲೆ ಸರಿಮಾಡುತ್ತಾನೆ ಪುರ್ಸು ತಾಂಡೇಲ.
ಕಣ್ಣು ಹೋಗಿ ಹನ್ನೊಂದು ವರ್ಷ.
ಬಲೆಯ ಕಣ್ಣು ಮಾತ್ರ ಬೆರಳಿಗೆ ಗೊತ್ತು,
ಹರಿದದ್ದೆಲ್ಲಿ, ಎಷ್ಟು ಕಣ್ಣು ಹೋಯಿತು
ತಡವಿ, ಎಣಿಸಿ ಹೇಳುತ್ತಾನೆ.
ಎದೆಯ ಕಿಸೆಯಲ್ಲಿ ಫೋನು.
ಅದು ಓದುತ್ತದೆ, ಅವನು ಕೇಳುತ್ತಾನೆ.

ನಾನು ಮೀನುಗಾರಿಕೆ ಕಚೇರಿಯಲ್ಲಿ
ಗುತ್ತಿಗೆಯ ಮೇಲೆ ಬರೆಯುವವಳು.
ಬರೆಯುವುದೆಂದರೇನು, ಮೇಲಿನಿಂದ ಬಂದದ್ದಕ್ಕೆ
ಇನ್ನಷ್ಟು ಇಸ್ತ್ರಿ ಹಾಕಿ ಜಾಲತಾಣಕ್ಕೆ ಏರಿಸುವುದು.
ಒಂದು ಸಂಜೆ ಬಂಗಡೆ ಕೊಳ್ಳಲು ಹೋದವಳಿಗೆ
ಅವನ ಕಿಸೆಯೊಳಗಿಂದ ನನ್ನದೇ ವಾಕ್ಯ ಕೇಳಿಸಿತು:

"ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ ಸದರಿ ಅವಧಿಯಲ್ಲಿ
ಸಮುದ್ರಕ್ಕಿಳಿಯುವುದನ್ನು ನಿರ್ಬಂಧಿಸಲಾಗಿದ್ದು
ತತ್ಸಂಬಂಧ ವಿವರಗಳು ಕೆಳಕಂಡಂತೆ"

ಉಸಿರೇ ಎಳೆಯದ ಆ ಹೆಣ್ಣುದನಿ
ಅಲ್ಲಿ ಒಂದು ಕ್ಷಣ ತಡೆದು "ಚಿತ್ರ" ಅಂದಿತು.
ಮತ್ತೆ "ಚಿತ್ರ."
ಆಮೇಲೆ "ಇಲ್ಲಿ ಒತ್ತಿ. ಇಲ್ಲಿ ಒತ್ತಿ. ಇಲ್ಲಿ ಒತ್ತಿ."

ಪುರ್ಸು ದಾರ ಕಚ್ಚಿ ತುಂಡು ಮಾಡಿದ.
"ಬಾಯ್, ಕೆಳಕಂಡ ಅಂತಾರಲ್ಲ, ಯಾರು ಕಂಡದ್ದು?
ನಿರ್ಬಂಧಿಸಿದ್ದು ಯಾರು, ಗಾಳಿಯೋ ಸಾಹೇಬರೋ?
ಈ ಸದರಿ ಯಾವ ಊರಿನವ?
ದಿನಾ ಹೆಸರು ಬರುತ್ತದೆ,
ಧಕ್ಕೆಗೆ ಒಮ್ಮೆಯೂ ಬಂದವನಲ್ಲ."

ನಗು ಬಂತು. ಕೈಯಲ್ಲಿ ಬಂಗಡೆಯ ಚೀಲ ತೊಟ್ಟಿಕ್ಕುತ್ತಿತ್ತು.
ಬರೆದವಳು ನಾನೇ ಎಂದು ಹೇಳಲಿಲ್ಲ.

ಆ ರಾತ್ರಿ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಫೋನಿನ ಪರದೆ ಕಪ್ಪು ಮಾಡಿ, ಓದುವ ದನಿ ಹಚ್ಚಿ
ಮೂರು ವರ್ಷದ ನನ್ನ ಬರಹಕ್ಕೆ ಕಿವಿಗೊಟ್ಟೆ.
ಸೂಚಿಸಲಾಗಿದೆ, ಆದೇಶಿಸಲಾಗಿದೆ, ತಿರಸ್ಕರಿಸಲಾಗಿದೆ.
ಎಲ್ಲವೂ ಆಗಿದೆ, ಮಾಡಿದವರಿಲ್ಲ.
ಕುರ್ಚಿಗಳಿವೆ, ಫ್ಯಾನು ತಿರುಗುತ್ತಿದೆ, ಆಳಿಲ್ಲ.
ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ಗೆದ್ದವಳು ನಾನು.
ಉದ್ದದ ಪದ ಸಿಕ್ಕರೆ ಸರದ ಹಾಗೆ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ.

ಒಂದೊಂದೇ ಬಿಚ್ಚಿದೆ.
ಪ್ರತಿಕೂಲ ಹವಾಮಾನ: ಜೋರು ಗಾಳಿ.
ಹಿನ್ನೆಲೆಯಲ್ಲಿ: ಬೇಕಿಲ್ಲ.
ಸದರಿ ಅವಧಿ: ಬುಧವಾರ, ಗುರುವಾರ.
ಮೊದಲ ಚಿತ್ರ: ನಕಾಶೆ, ಮಾಜಾಳಿಯಿಂದ ಭಟ್ಕಳದವರೆಗೆ ಕೆಂಪು.
ಎರಡನೆಯದರಲ್ಲಿ ಸಾಹೇಬರು ದೀಪ ಹಚ್ಚುತ್ತಿದ್ದಾರೆ.
ಅದಕ್ಕೇನೂ ಬರೆಯಲಿಲ್ಲ, ದನಿ ಅದನ್ನು ದಾಟಿ ಹೋಗಲಿ.
ಇಲ್ಲಿ ಒತ್ತಿ: ಡೀಸೆಲ್ ಸಬ್ಸಿಡಿ ಅರ್ಜಿ ತೆರೆಯಿರಿ.

ಕೊನೆಗೆ ಸಿಕ್ಕಿದ್ದು
"ಕಣ್ಮರೆಯಾದ ಮೀನುಗಾರರ ಅವಲಂಬಿತರಿಗೆ ಪರಿಹಾರಧನ."
ಕೈ ನಿಂತಿತು.
ಇಷ್ಟು ದಿನ ಆ ಪದಗಳು
ಹೆಣಕ್ಕೆ ಹೊದಿಸಿದ ಬಟ್ಟೆಯಂತಿದ್ದವು.
ಸರಿಸಿದರೆ ಮುಖ ಕಾಣುತ್ತದೆ.
ಎರಡು ಸಲ ಅಳಿಸಿದೆ. ಮೂರನೆಯ ಸಲ ಬರೆದೆ:
ಕಡಲಿಗೆ ಹೋದವರು ತಿರುಗಿ ಬಾರದಿದ್ದರೆ
ಮನೆಯವರು ನಮ್ಮ ಕಚೇರಿಗೆ ಬನ್ನಿ.
ಹಣ ಕೊಡುತ್ತೇವೆ. ತಡವಾಗುತ್ತದೆ.

'ತಡವಾಗುತ್ತದೆ' ಎಂಬುದನ್ನು ಸಾಹೇಬರು ಹೊಡೆದುಹಾಕಿದರು.
"ಕಚೇರಿಗೊಂದು ಗಾಂಭೀರ್ಯ ಬೇಡವೇನ್ರೀ?
ಇದು ಮೀನು ಮಾರುವವರ ಕನ್ನಡ."
ಹೌದು ಸರ್, ಅಂದೆ.
ನನ್ನ ಆಯಿ ಮೂವತ್ತು ವರ್ಷ ಮೀನು ಮಾರಿದ್ದು ಆ ಕನ್ನಡದಲ್ಲೇ,
ದರ ತಿಳಿಯದೆ ಯಾರೂ ಹಿಂದೆ ಹೋದದ್ದಿಲ್ಲ.
ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಗುತ್ತಿಗೆ ಮಾರ್ಚಿಗೆ ಮುಗಿಯುವುದಿತ್ತು.
ಒಂದೇ ಒಂದು ಸದರಿ ತಲೆಬರಹದಲ್ಲಿ ಉಳಿಸಿಕೊಂಡರು,
ಟೋಪಿಯ ಹಾಗೆ.

ಮಂಗಳವಾರ ಮತ್ತೆ ಧಕ್ಕೆಗೆ ಹೋದೆ. ಮೀನು ಬೇಕಿರಲಿಲ್ಲ.
ಕಿಸೆ ಮಾತಾಡಿತು:
"ಬುಧವಾರ, ಗುರುವಾರ ಜೋರು ಗಾಳಿ. ಕಡಲಿಗೆ ಇಳಿಯಬೇಡಿ."
ಐಸ್ ಹೊರುತ್ತಿದ್ದ ಒಡಿಶಾದ ಖಲಾಸಿ ಹುಡುಗ,
ನೂರೇ ನೂರು ಪದದ ಕನ್ನಡದವನು,
ನಿಂತು ಕೇಳಿ, ಬೋಟಿನತ್ತ ಕೂಗಿ ಏನೋ ಹೇಳಿದ.
ಅಲ್ಲಿ ಯಾರೋ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು.

"ಈ ಸಲ ಮನುಷ್ಯರು ಬರೆದದ್ದು" ಎಂದ ಪುರ್ಸು.
ನಾನು ಕಡಲು ನೋಡುತ್ತಿದ್ದೆ.
"ಬುಧವಾರ ಅಂದರೆ ಎಷ್ಟು ಗಂಟೆಯಿಂದ ಬಾಯ್?
ಬೆಳಗಿನ ಜಾವಕ್ಕೆ ಹೋಗಿ ಎಂಟಕ್ಕೆ ಬರುವವರಿದ್ದಾರೆ."
ಬೆರಳು ಬಲೆಯ ಮೇಲೆ ನಡೆಯುತ್ತ ನಡೆಯುತ್ತ
ಒಂದು ಕಡೆ ನಿಂತಿತು.
"ನೋಡು, ಇಲ್ಲೊಂದು ಕಣ್ಣು ಬಿಟ್ಟುಹೋಗಿದೆ."