ಒತ್ತು

ಹನ್ನೊಂದಕ್ಕೆ ಸರಿಯಾಗಿ ಬರುತ್ತಾರೆ ವಾಮದೇವಯ್ಯ ಸರ್
ಕೌಲ್ ಬಜಾರಿನ ನನ್ನ ಡಿಟಿಪಿ ಅಂಗಡಿಗೆ.
ಛತ್ರಿಯನ್ನು ಜೆರಾಕ್ಸ್ ಮಿಷನ್ನಿಗೆ ಒರಗಿಸಿ
ಬಳ್ಳಾರಿಯ ಬಿಸಿಲನ್ನು ಕತ್ತಿನಿಂದ ಒರೆಸಿಕೊಂಡು
'ಎಲ್ಲಿಗೆ ಬಂದಿದ್ವಿ, ಶಾಷಾವಲಿ?'
ಹಾಜರಿ ಕೂಗುವ ಅದೇ ದನಿ.

ಅವರ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು.
ಅಲ್ಪಪ್ರಾಣ ಮಹಾಪ್ರಾಣ ನನಗೆ ಒಂದೇ ಪ್ರಾಣ;
ಪುಟಕ್ಕೆ ಮೂವತ್ತು ಕೆಂಪು ಸುತ್ತು.
ಈಗ ಅಕ್ಷರವೇ ನನ್ನ ರೊಟ್ಟಿ.

ಅವರದೊಂದು ಪುಸ್ತಕ, ಬಯಲಾಟದ ಮೇಲೆ,
ಡಾಕ್ಟರೇಟು ತಂದುಕೊಟ್ಟದ್ದು.
ಕುರುಗೋಡು ಕಡೆಯ ಮದ್ದಲೆ ಗಾದಿಲಿಂಗಪ್ಪ
ಕಿರಾಣಿ ಲೆಕ್ಕದ ವಹಿಯಲ್ಲಿ ಬರೆದಿಟ್ಟ ಆಟ,
ಸೈಕಲ್ಲಿನಲ್ಲಿ ಹೊತ್ತು ತಂದು, ತಿದ್ದಿ, ಅಚ್ಚು ಹಾಕಿಸಿದ್ದು.
ಮೂವತ್ಮೂರು ವರ್ಷ ಅದನ್ನೇ ಪಾಠ ಮಾಡಿದರು
ಊಟದ ನಂತರದ ಪಿರಿಯಡ್ಡಿನಲ್ಲಿ, ತೂಕಡಿಸುವ ನಮಗೆ.
ಮುನ್ನುಡಿಯ ಕೊನೆಗೆ ಒಂದು ಸಾಲು:
'ಲಿಪಿಕಾರನ ಸ್ಖಾಲಿತ್ಯಗಳನ್ನು ಸರಿಪಡಿಸಲಾಗಿದೆ.'

ಪುಸ್ತಕ ಕೈಗಿಟ್ಟಾಗ ಗಾದಿಲಿಂಗಪ್ಪ ಅಂದಿದ್ದನಂತೆ,
'ಚೆಂದೈತೆ ಸಾರ್. ಆದ್ರೆ ಇದನ್ನ ಕುಣಿಯಾಕೆ ಬರಲ್ಲ.'
'ಹೊಗಳಿದ ಅಂದ್ಕೊಂಡೆ ಕಣೋ' ಅಂತಾರೆ ಸರ್.

ಈಗ ಎರಡನೇ ಮುದ್ರಣ, ಪಿಂಚಣಿ ದುಡ್ಡಿನಲ್ಲಿ.
ಒಂದು ಕೈಯಲ್ಲಿ ಎಣ್ಣೆ ಕುಡಿದ ಆ ವಹಿ,
ಇನ್ನೊಂದರಲ್ಲಿ ಅದೇ ಜಾತಿಯ ಕೆಂಪು ಪೆನ್ನು.
ತಾವು ತಿದ್ದಿದ್ದನ್ನೆಲ್ಲ ಕೆಡಿಸುತ್ತಿದ್ದಾರೆ.

''ಬಂದೆನೋ' ಅಲ್ಲ, 'ಬಂದ್ದೆನೋ'. ಇನ್ನೊಂದು ಒತ್ತು ಹಾಕು.'
'ತಪ್ಪಲ್ಲವೇ ಸರ್?'
ಎದ್ದರು. ಎಪ್ಪತ್ತೆರಡರ ಮಂಡಿ.
ಆಧಾರ್ ಜೆರಾಕ್ಸಿಗೆ ನಿಂತಿದ್ದ ಮೂವರ ನಡುವೆ
ಪ್ಯಾಂಟು ತುಸು ಮೇಲೆತ್ತಿ
ಹಿಮ್ಮಡಿಯಿಂದ ನೆಲ ಗುದ್ದಿದರು: ಬಂ-ದ್ದೆ-ನೋ!
ಡಬ್ಬಿಯಲ್ಲಿ ಗುಂಡುಪಿನ್ನುಗಳು ಜಿಗಿದವು.
'ಒತ್ತು ಅಂದರೆ ಇದು. ಕಾಲೂರುವ ಜಾಗಕ್ಕೆ
ಅವನು ಗುರುತು ಹಾಕಿದ್ದ. ನಾನು ಅಳಿಸಿದ್ದೆ.'

'ಅಣ್ಣಾ'ಕ್ಕೆ ಮೂರು ದೀರ್ಘ ಯಾಕೆಂದು ಆಮೇಲೆ ಕೇಳಲಿಲ್ಲ.
ತಾವೇ ಹೇಳಿದರು: ಪೆಟ್ಟಿಗೆ ನುಡಿಸುವವನು
ಅಲ್ಲಿ ಬೀಡಿ ಬಿಸಾಕಿ ತಿದಿಗೆ ಕೈ ಹಾಕಬೇಕು,
ಅಷ್ಟು ಹೊತ್ತು.

'ಹಾಗಾದರೆ ಸರ್, ನನ್ನ ಆ ಎರಡು ಪೇಪರು?'
ಕನ್ನಡಕದ ಮೇಲಿಂದ ನೋಡಿದರು.
'ನಿನ್ನವು ತಪ್ಪೇ.'
ನಗಲಿಲ್ಲ. ಪುಟ ತಿರುವಿದರು.

ಅಲ್ಲಿ ಪದ್ಯದ ನಡುವೆ, ಬೇರೆ ಮಸಿಯಲ್ಲಿ:
ಬೆಲ್ಲ ಎರಡು ಸೇರು, ಬಾಕಿ.
ಪೆನ್ನು ಅದರ ಮೇಲೆ ಬಹಳ ಹೊತ್ತು ನಿಂತಿತು.
ಕರೆಂಟು ಹೋಯಿತು. ಯುಪಿಎಸ್ಸು ಕಿರುಚತೊಡಗಿತು.
'ಸೇವ್ ಮಾಡು, ಸೇವ್ ಮಾಡು' ಎಂದರು,
ವಹಿಯನ್ನು ಎದೆಗೆ ಒತ್ತಿಕೊಂಡು.